ಅಳೆದಷ್ಟೂ ಇಳಿಯುತ್ತಿದ್ದ ಹಳದಿ

ಪ್ರಯೋಗಾಲಯದ ಕೆಲಸಕ್ಕೆ ಈಗ ಸೇರುವವರು ನನ್ನನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಮೇಡಂ, ನಿಮ್ಮ ಕಾಲದಲ್ಲಿ ಮೆಷಿನ್ನೇ ಇರ್ಲಿಲ್ವಂತೆ, ಹೇಗ್ ಮಾಡ್ತಿದ್ರಿ?" ಯಂತ್ರ ಇತ್ತು. ಒಂದೇ ಇತ್ತು, ಮತ್ತು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅದು ಹೇಳಿದ್ದನ್ನು ಯಾವಾಗ ನಂಬಬೇಕು, ಯಾವಾಗ ಬಿಡಬೇಕು ಎಂಬುದು ನಮಗೆ ಗೊತ್ತಾಗುತ್ತಿರಲಿಲ್ಲ. ಬಡ್ತಿ, ವರ್ಗಾವಣೆಗಳ ವಿಷಯ ಯಾರಿಗೂ ಉಪಯೋಗವಿಲ್ಲ, ಬಿಡುತ್ತೇನೆ. ನಾನು ಕೊಟ್ಟ ಒಂದು ತಪ್ಪು ವರದಿಯ ವಿಷಯ ಉಪಯೋಗಕ್ಕೆ ಬರಬಹುದು. ಅದರಲ್ಲಿ ನಾನು ಕಣ್ಣಾರೆ ಕಂಡದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿಯೇ ಬರೆಯುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ, ಹಿಂಭಾಗದ ಉದ್ದನೆಯ ಕೋಣೆಯಲ್ಲಿ ನಮ್ಮ ಲ್ಯಾಬ್. ಬಿ.ಎಸ್ಸಿ. ಮುಗಿಸಿ ಹನುಮಂತನಗರದ ಮನೆಯಿಂದ ನಡೆದುಕೊಂಡೇ ಹೋಗುತ್ತಿದ್ದೆ. ಲ್ಯಾಬಿನಲ್ಲಿ ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ನನ್ನ ಮೇಲಿನವರಾದ ಶ್ರೀಕಂಠಯ್ಯನವರು. ಪಶ್ಚಿಮಕ್ಕೆ ಒಂದು ದೊಡ್ಡ ಕಿಟಕಿ, ಅದರ ಕಟ್ಟೆಯ ಮೇಲೆ ಟ್ಯೂಬುಗಳನ್ನು ನಿಲ್ಲಿಸುವ ಮರದ ಸ್ಟ್ಯಾಂಡ್. ಯಂತ್ರ ಬರುವ ಮೊದಲು ಶ್ರೀಕಂಠಯ್ಯನವರು ಇಪ್ಪತ್ತು ವರ್ಷ ಆ ಬಗೆಯ ಬೆಳಕಿನಲ್ಲೇ ಕೆಲಸ ಮಾಡಿದ್ದರು. ಬಣ್ಣ ಬಂದ ಟ್ಯೂಬನ್ನು, ಗೊತ್ತಿರುವ ಬಣ್ಣದ ಟ್ಯೂಬಿನ ಪಕ್ಕದಲ್ಲಿ ಹಿಡಿದು, ಕಣ್ಣಿನಿಂದಲೇ ಹೋಲಿಸಿ ಅಂಕಿ ಹೇಳುತ್ತಿದ್ದರು. ಹೆಚ್ಚು ತಪ್ಪುತ್ತಿರಲಿಲ್ಲ ಎಂದು ಡಾಕ್ಟರೇ ಹೇಳುತ್ತಿದ್ದರು.

ಆಮೇಲೆ ಸ್ಪೆಕ್ಟ್ರೋಫೋಟೋಮೀಟರ್ ಬಂತು. ಹೊಲಿಗೆ ಯಂತ್ರದ ಪೆಟ್ಟಿಗೆಯಷ್ಟು ಗಾತ್ರ. ಪೂರ್ತಿ ಹೆಸರು ಹೇಳಲು ಯಾರಿಗೂ ಪುರಸೊತ್ತಿರಲಿಲ್ಲ. ಎಲ್ಲರೂ "ಮೀಟರು" ಎನ್ನುತ್ತಿದ್ದೆವು. ಶ್ರೀಕಂಠಯ್ಯನವರು ನನಗೆ ಅದರ ಪಾಠ ಶುರು ಮಾಡಿದ್ದು ತಮ್ಮ ಮೇಜಿನ ಮೇಲಿದ್ದ ಸೇವಂತಿಗೆಯಿಂದ.

"ಏನಮ್ಮಾ ವಿಮಲಾ, ಇದು ಯಾಕೆ ಹಳದಿ?"

"ಅದರ ಬಣ್ಣವೇ ಅದು ಸಾರ್."

"ಬಿ.ಎಸ್ಸಿ. ಮಾಡಿದೀಯಾ? ಇದು ನೀಲಿ ಬೆಳಕು ನುಂಗುತ್ತೆ. ನುಂಗಿ ಮಿಕ್ಕಿದ್ದು ನಮ್ಮ ಕಣ್ಣಿಗೆ ಬರುತ್ತೆ. ಇಷ್ಟು ವರ್ಷ ನಾನು ಮಿಕ್ಕಿದ್ದನ್ನ ನೋಡ್ತಿದ್ದೆ. ಈ ಮಹರಾಯ ನುಂಗಿದ್ದನ್ನ ಲೆಕ್ಕ ಹಾಕ್ತಾನೆ."

ತತ್ತ್ವ ಅಷ್ಟೇ. ಒಳಗೆ ಒಂದು ದೀಪ. ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಒಂದು ಸೀಳಿನ ಮೂಲಕ ನಮಗೆ ಬೇಕಾದ ಒಂದೇ ಬಣ್ಣವನ್ನು ಟ್ಯೂಬಿನೊಳಗೆ ಹಾಯಿಸುತ್ತದೆ. ಯಾವ ಬಣ್ಣ ಎಂಬುದನ್ನು ತರಂಗಾಂತರದ ಗುಂಡಿ ತಿರುಗಿಸಿ ನಾವು ಆರಿಸಬೇಕು. ಆಗ ಅದನ್ನು ಮಿಲಿಮೈಕ್ರಾನುಗಳಲ್ಲಿ ಹೇಳುತ್ತಿದ್ದೆವು. ನೇರಳೆ ದ್ರಾವಣವಾದರೆ ಹಸಿರು ಬೆಳಕು, ಹಳದಿಯಾದರೆ ನೀಲಿ. ಟ್ಯೂಬು ದಾಟಿ ಉಳಿದ ಬೆಳಕು ಹಿಂದಿನ ಫೋಟೋಟ್ಯೂಬಿಗೆ ಬಿದ್ದು, ಅಲ್ಲಿ ಹುಟ್ಟುವ ವಿದ್ಯುತ್ತು ಮುಳ್ಳನ್ನು ಆಡಿಸುತ್ತದೆ. ಟ್ಯೂಬು ಇಲ್ಲದಾಗ ಬೆಳಕಿನ ದಾರಿ ತಾನೇ ಮುಚ್ಚಿಕೊಳ್ಳುತ್ತದೆ, ಮೊದಲು ಆಗ ಮುಳ್ಳನ್ನು ಸೊನ್ನೆಗೆ ತರಬೇಕು. ಆಮೇಲೆ ನಾವು ಅಳೆಯುವ ವಸ್ತುವೊಂದನ್ನು ಬಿಟ್ಟು ಮಿಕ್ಕೆಲ್ಲ ಇರುವ ಬ್ಲಾಂಕ್ ಟ್ಯೂಬನ್ನು ಇಟ್ಟು ನೂರಕ್ಕೆ ತರಬೇಕು. ಅನಂತರ ರೋಗಿಯ ಟ್ಯೂಬು.

ಮುಳ್ಳಿನ ಹಿಂದೆ ಎರಡು ಅಳತೆಪಟ್ಟಿಗಳಿದ್ದವು. ನನ್ನ ಗೊಂದಲ ಅಲ್ಲಿಂದಲೇ ಶುರು. ಒಂದು, ನೂರರಲ್ಲಿ ಎಷ್ಟು ಪಾಲು ಬೆಳಕು ದಾಟಿತು ಎಂದು ಹೇಳುತ್ತದೆ. ಒಂದು ಟ್ಯೂಬು ಅರ್ಧ ಬೆಳಕು ಬಿಟ್ಟರೆ, ಅಂಥದೇ ಇನ್ನೊಂದು ಟ್ಯೂಬನ್ನು ಹಿಂದೆ ಇಟ್ಟಾಗ ಕಾಲು ಪಾಲು ದಾಟುತ್ತದೆ, ಸೊನ್ನೆಯಾಗುವುದಿಲ್ಲ. ಹಾಗಾಗಿ ಬೆಳಕಿನ ಅಂಕಿಗೂ ವಸ್ತುವಿನ ಪ್ರಮಾಣಕ್ಕೂ ನೇರ ಸಂಬಂಧ ಸಿಗುವುದಿಲ್ಲ. ಎರಡನೆಯ ಪಟ್ಟಿ ಓ.ಡಿ. ಎಂಬುದು, ವಸ್ತು ಎಷ್ಟು ಬೆಳಕು ನುಂಗಿತು ಎಂಬುದರ ಲೆಕ್ಕ. ವಸ್ತು ಎರಡು ಪಟ್ಟಾದರೆ ಅದೂ ಎರಡು ಪಟ್ಟಾಗುತ್ತದೆ. ಗ್ರಾಫ್ ಹಾಳೆಯಲ್ಲಿ ನೇರ ಗೆರೆ ಬರುತ್ತದೆ. ದ್ರಾವಣ ತೀರಾ ಗಾಢವಾದರೆ ಗೆರೆ ಬಾಗುತ್ತದೆ. ಆಗ ತೆಳು ಮಾಡಿ ಮತ್ತೆ ಓದಬೇಕು. ಇದು ನನ್ನ ತಲೆಗೆ ಹೋಗಲು ಮೂರು ವಾರ ಹಿಡಿಯಿತು. ಆ ಮೂರು ವಾರಗಳಲ್ಲಿ ಎರಡು ಸಲ ತಪ್ಪು ಪಟ್ಟಿ ಓದಿದೆ. ಎರಡೂ ಸಲ ಶ್ರೀಕಂಠಯ್ಯನವರು ಟ್ಯೂಬನ್ನು ಕಿಟಕಿಗೆ ಹಿಡಿದು ನೋಡಿ, "ಈ ಬಣ್ಣಕ್ಕೆ ಆ ಅಂಕಿಯಾ? ಹೋಗು, ಮತ್ತೆ ಓದು" ಎಂದು ಕಳಿಸಿದರು.

ಒಬ್ಬ ನಿವೃತ್ತ ಹೆಡ್‌ಮಾಸ್ಟರರಿಗೆ ಇಲ್ಲದ ಸಕ್ಕರೆಯನ್ನೂ ಬರಿಸಿದ್ದೇನೆ. ಮಧ್ಯಾಹ್ನ ಮೂರಕ್ಕೆ ಬೋಂಡ ತಿಂದ ಕೈಯಲ್ಲಿ ಟ್ಯೂಬು ಹಿಡಿದಿದ್ದೆ. ಬೆರಳಿನ ಎಣ್ಣೆಯೂ ಬೆಳಕು ತಡೆಯುತ್ತದೆ. ಮೀಟರಿಗೆ ಅದು ಎಣ್ಣೆಯೋ ಸಕ್ಕರೆಯೋ ಗೊತ್ತಾಗುವುದಿಲ್ಲ. ಮರುವಾರ ಸರಿಯಾದ ಅಂಕಿ ಬಂದು, ನಡೆದದ್ದನ್ನು ಹೇಳಿದಾಗ ಅವರು, "ಮೊಮ್ಮಗಳ ಮದುವೇಲಿ ಹೋಳಿಗೆ ಮುಟ್ಟಲಿಲ್ಲ ಕಣಮ್ಮಾ. ಯಾರ ಬೋಂಡ ಅದು?" ಎಂದರು. ಅವರು ನಕ್ಕದ್ದು ನನ್ನ ಪುಣ್ಯ.

ಇನ್ನೊಂದು ಕಾಟ ಕರೆಂಟಿನದು. ಪಕ್ಕದ ಹಿಟ್ಟಿನ ಗಿರಣಿಯ ಮೋಟಾರು ಶುರುವಾದರೆ ನಮ್ಮ ಮುಳ್ಳು ಕೆಳಗಿಳಿಯುತ್ತಿತ್ತು. ಕೇಳಿಕೊಳ್ಳಲು ಹೋದಾಗ ಗಿರಣಿಯವನು, "ಏನಕ್ಕಾ, ನಿಮ್ ಮುಳ್ಳು ಅಲ್ಲಾಡುತ್ತೆ ಅಂತ ನಾನು ಜನಕ್ಕೆ ರಾಗಿ ಬೀಸ್ಕೊಡೋದ್ ಬಿಡ್ಲಾ?" ಎಂದ. ಅಂದಿನಿಂದ ಅವನು ಊಟಕ್ಕೆ ಹೋದ ಹೊತ್ತು ನೋಡಿಕೊಂಡು ನಾವು ಅಳೆಯುತ್ತಿದ್ದೆವು.

ಇನ್ನು ಆ ವರದಿಯ ವಿಷಯ.

ಹುಳಿಮಾವಿನ ಮುನಿಯಮ್ಮ ಎಂಬುವರು ಮಗಳು ಜಯಮ್ಮನನ್ನು ಹೆರಿಗೆಗೆ ಕರೆತಂದಿದ್ದರು. ಮೂರನೆಯ ಮಗು. ಮೊದಲನೆಯದು ಆರೋಗ್ಯವಾಗಿತ್ತು. ಎರಡನೆಯದು ಹುಟ್ಟಿ ಐದನೆಯ ದಿನ ಮೈಯೆಲ್ಲ ಹಳದಿಯಾಗಿ ತೀರಿಕೊಂಡಿತ್ತು. ತಾಯಿಯ ರಕ್ತದ ಗುಂಪಿಗೂ ಮಗುವಿನದಕ್ಕೂ ಹೊಂದಿಕೆಯಿಲ್ಲದೆ ಮಗುವಿನ ರಕ್ತ ಒಡೆಯುವ ತೊಂದರೆ ಅದು. ಒಡೆದ ರಕ್ತದಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಏರುತ್ತದೆ. ಮಿತಿ ಮೀರಿದರೆ ಮಿದುಳಿಗೆ ಇಳಿಯುತ್ತದೆ. ಮಗು ಸಾಯಬಹುದು, ಉಳಿದರೆ ಕಿವುಡಾಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು.

ಮಕ್ಕಳ ಡಾಕ್ಟರ್ ಸುಂದರರಾಯರು ಒಂದು ಗೆರೆ ಹಾಕಿದ್ದರು. ನೂರು ಮಿಲಿಲೀಟರಿಗೆ ಇಪ್ಪತ್ತು ಮಿಲಿಗ್ರಾಂ ಮುಟ್ಟಿದರೆ ಮಗುವಿನ ರಕ್ತವನ್ನು ಸ್ವಲ್ಪಸ್ವಲ್ಪವಾಗಿ ತೆಗೆದು, ಬೇರೆ ರಕ್ತ ತುಂಬಬೇಕು. ಆಗಿನ ಅನುಕೂಲದಲ್ಲಿ ಅದೂ ಅಪಾಯದ ಕೆಲಸವೇ. ಸುಮ್ಮನೆ ಮಾಡುವಂತಿಲ್ಲ, ತಡ ಮಾಡುವಂತಿಲ್ಲ. ಹೊಂದುವ ಅಪರೂಪದ ಗುಂಪು ಇದ್ದದ್ದು ಜಯಮ್ಮನ ಅಣ್ಣ ಮುನಿರಾಜುವಿಗೆ. ಅವನು ವರಾಂಡದ ಬೆಂಚಿನಲ್ಲಿ ಬೆಳಗಿನಿಂದ ಕಾಯುತ್ತಿದ್ದ.

ಎರಡನೆಯ ದಿನ ಬೆಳಿಗ್ಗೆ ಅಂಕಿ ಹದಿನೇಳು. ಮಧ್ಯಾಹ್ನ ಒಂದೂಕಾಲಿಗೆ ಮಗುವಿನ ಹಿಮ್ಮಡಿಯಿಂದ ಮತ್ತೆ ರಕ್ತ ತೆಗೆದರು. ನಾನು ಕೈಯಿಂದ ತಿರುಗಿಸುವ ಸೆಂಟ್ರಿಫ್ಯೂಜಿನಲ್ಲಿ ರಕ್ತದ ತಿಳಿಭಾಗವಾದ ಸೀರಮ್ ಬೇರ್ಪಡಿಸುವಷ್ಟರಲ್ಲಿ ಕರೆಂಟು ಹೋಯಿತು. ಮೀಟರಿಲ್ಲದೆ ಮುಂದಿನ ಕೆಲಸ ಸಾಗದು. ಟ್ಯೂಬನ್ನು ಎಂದಿನ ಜಾಗದಲ್ಲಿ, ಕಿಟಕಿಯ ಸ್ಟ್ಯಾಂಡಿನಲ್ಲಿ ಇಟ್ಟು ಕಾದೆ. ಮೂರೂಕಾಲಿಗೆ ಕರೆಂಟು ಬಂತು. ಮೀಟರು ಬಿಸಿಯಾಗಲು ಬಿಟ್ಟು, ಸೀರಮ್ಮಿಗೆ ರಾಸಾಯನಿಕ ಬೆರೆಸಿ, ನೇರಳೆ ಬಣ್ಣ ಪೂರ್ತಿ ಬರಲು ಅರ್ಧ ಗಂಟೆ ಕಾದು ಓದಿದೆ. ಹದಿಮೂರು.

ನನಗೆ ಸಂತೋಷವೇ ಆಯಿತು. ನಾಲ್ಕು ಗಂಟೆಗೆ ವರದಿ ಕೊಟ್ಟೆ. ಡಾಕ್ಟರು ಎರಡು ಸಲ ನೋಡಿ, "ಇಳೀತಾ ಇದೆಯಲ್ಲ! ಸರಿ, ಸದ್ಯಕ್ಕೆ ರಕ್ತ ಬದಲಾಯಿಸೋದು ಬೇಡ" ಎಂದರು. ಅದನ್ನು ಕೇಳಿದ ಮುನಿರಾಜು, "ಹಂಗಾರೆ ಎಮ್ಮೆ ಹಾಲು ಕರ್ದು ಬೆಳಿಗ್ಗೆ ಬತ್ತೀನಿ" ಎಂದು ಹೊರಟುಹೋದ. ನಾಲ್ಕೂಕಾಲಿನ ಬಸ್ಸು ಸಿಕ್ಕಿತು ಎಂದು ಆಮೇಲೆ ಹೇಳಿದ.

ನಾಲ್ಕೂವರೆಗೆ ಮುನಿಯಮ್ಮ ಲ್ಯಾಬಿನ ಬಾಗಿಲಿಗೆ ಬಂದು ನಿಂತರು.

"ಏನವ್ವಾ, ಕಮ್ಮಿ ಆಗೈತೆ ಅಂದ್ರಂತೆ?"

"ಹೌದಮ್ಮಾ, ಹದಿಮೂರು."

"ಬೆಳಿಗ್ಗೆ ಹಳದಿ ಹೊಟ್ಟೆಗಂಟ ಇತ್ತು. ಈಗ ಪಾದದಗಂಟ ಇಳ್ದೈತೆ. ಮೊಲೆ ಹಿಡೀತಿಲ್ಲ. ಹೋದ ಮಗೂನೂ ಹಿಂಗೇ ಮಾಡಿದ್ದು. ನಿನ್ ಮಿಸಿನ್ನು ಯಾವ್ ಮಗೂನ್ ನೋಡ್ತು?"

ಹೋಗಿ ನೋಡಿದೆ. ಅಂಗಾಲು ಹಳದಿಯಾಗಿತ್ತು. ವಾಪಸ್ಸು ಬಂದು ಟ್ಯೂಬಿನ ಚೀಟಿ ನೋಡಿದೆ, ಹೆಸರು ಸರಿಯಾಗಿತ್ತು. ಉಳಿದಿದ್ದ ಸೀರಮ್ಮಿನಿಂದ ಸ್ವಲ್ಪ ತೆಗೆದು, ಟ್ಯೂಬನ್ನು ಮತ್ತೆ ಸ್ಟ್ಯಾಂಡಿನಲ್ಲಿಟ್ಟು, ಪರೀಕ್ಷೆಯನ್ನು ಮೊದಲಿಂದ ಮಾಡಿದೆ. ಹನ್ನೊಂದು.

ಇದು ನನಗೆ ಅರ್ಥವೇ ಆಗಲಿಲ್ಲ. ಮಗು ಹೆಚ್ಚು ಹಳದಿಯಾಗುತ್ತಿದೆ, ಅದರ ರಕ್ತ ಕಡಿಮೆ ಹಳದಿಯಾಗುತ್ತಿದೆ. ಮಗುವಿನಿಂದ ಬೇರೆಯಾದ ರಕ್ತಕ್ಕೆ ಗುಣವಾಗುವ ಕಾರಣವಾದರೂ ಏನು? ನನಗೆ ಗೊತ್ತಿದ್ದ ತಪ್ಪುಗಳನ್ನೆಲ್ಲ ಒಂದೊಂದಾಗಿ ಹುಡುಕಿದೆ. ಟ್ಯೂಬು ಒರೆಸಿದೆ. ತರಂಗಾಂತರದ ಗುಂಡಿ ಐನೂರ ನಲವತ್ತರಲ್ಲೇ, ಅಂದರೆ ಹಸಿರಿನಲ್ಲೇ ಇತ್ತು. ಬ್ಲಾಂಕ್ ಸರಿ. ಗಿರಣಿ ನಿಂತಿತ್ತು. ಓದಿದ ಪಟ್ಟಿ ಸರಿಯಾದದ್ದೇ. ಮೂರನೆಯ ಸಲ ಮಾಡಲು ಎರಡು ಹನಿ ಸೀರಮ್ ಮಾತ್ರ ಉಳಿದಿತ್ತು. ಶ್ರೀಕಂಠಯ್ಯನವರನ್ನು ಕರೆದೆ.

"ಸಾರ್, ಅಳೆದಷ್ಟೂ ಇಳೀತಿದೆ."

"ಅಳೆದಷ್ಟೂ ಇಳಿಯೋದಕ್ಕೆ ಅದೇನು ಮಡಕೆ ನೀರಾ? ಮೀಟರ್ ಕೆಟ್ಟಿರ್ಬೇಕು. ಬೆಳಗಿನ ಸೀರಮ್ ಇದೆಯಾ?"

ಇತ್ತು. ಬೆಳಗಿನ ಟ್ಯೂಬನ್ನು ಓದಿದ ಕೂಡಲೇ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಅದನ್ನೇ ಮತ್ತೆ ಪರೀಕ್ಷೆ ಮಾಡಿದೆವು. ಬಣ್ಣ ಬರಲು ಮತ್ತೆ ಅರ್ಧ ಗಂಟೆ ಕಾದೆವು. ಮುನಿಯಮ್ಮ ಬಾಗಿಲಲ್ಲೇ ಕೂತಿದ್ದರು. ಅಂಕಿ ಬಂತು: ಹದಿನೇಳು. ಬೆಳಗ್ಗೆ ಇದ್ದಷ್ಟೇ. ಅಂದರೆ ಮೀಟರು ಸರಿ, ರಾಸಾಯನಿಕ ಸರಿ, ನನ್ನ ಕೈಯೂ ಸರಿ. ತಪ್ಪಿದ್ದು ಮಧ್ಯಾಹ್ನದ ಸೀರಮ್ ಒಂದೇ.

ಶ್ರೀಕಂಠಯ್ಯನವರು ಆ ಟ್ಯೂಬನ್ನು ತೆಗೆದುಕೊಳ್ಳಲು ಕಿಟಕಿಗೆ ಹೋದರು. ಸಂಜೆಯ ಬಿಸಿಲು ನೇರ ಸ್ಟ್ಯಾಂಡಿಗೆ ಹೊಡೆಯುತ್ತಿತ್ತು. ಅವರು ಮುಟ್ಟಿದಾಗ ಟ್ಯೂಬು ಬಿಸಿಯಾಗಿತ್ತು.

"ಇದು ಎಷ್ಟು ಹೊತ್ತಿಂದ ಇಲ್ಲಿದೆ?"

"ಕರೆಂಟ್ ಹೋದಾಗಿನಿಂದ ಸಾರ್."

"ಬೆಳಗಿಂದು?"

"ಇಲ್ಲಿ ಇಡ್ಲೇ ಇಲ್ಲ ಸಾರ್. ಬೆಳಗ್ಗೆ ಈ ಕಡೆ ಬಿಸಿಲೂ ಇರಲ್ಲ."

ಪರೀಕ್ಷೆಯ ವಿಧಾನವನ್ನು ನಾನೇ ಕೈಯಾರೆ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಅದರ ಕೊನೆಯಲ್ಲಿ ಸೀರಮ್ಮನ್ನು ಬೆಳಕಿನಿಂದ ಕಾಪಾಡಬೇಕು ಎಂದು ಒಂದು ಸಾಲು ಇತ್ತು. ಬರೆದುಕೊಂಡಿದ್ದೆ, ಓದಿರಲಿಲ್ಲ ಎಂದೇ ಹೇಳಬೇಕು. ಬೆಳಕು ಅಂದರೆ ಬಣ್ಣವನ್ನು ತೋರಿಸುವಂಥದ್ದು ಎಂದಷ್ಟೇ ಆ ಕೋಣೆಯಲ್ಲಿ ನಮಗೆ ಗೊತ್ತಿದ್ದದ್ದು. ಅದು ಬಣ್ಣವನ್ನು ತಿಂದು ಹಾಕಬಲ್ಲದು ಎಂದು ಇಪ್ಪತ್ತು ವರ್ಷ ಕಿಟಕಿಯಲ್ಲಿ ಕೆಲಸ ಮಾಡಿದವರಿಗೂ ಹೊಳೆದಿರಲಿಲ್ಲ. ಹಳೆಯ ವಿಧಾನದಲ್ಲಿ ಬಣ್ಣ ಬಂದೊಡನೆ ನೋಡಿ ಮುಗಿಸುತ್ತಿದ್ದರು. ಕರೆಂಟಿಗಾಗಿ ಎರಡು ಗಂಟೆ ಕಾಯುವ ಪ್ರಮೇಯ ಬಂದದ್ದೇ ಮೀಟರು ಬಂದ ಮೇಲೆ. ಯಂತ್ರ ಬದಲಾಯಿತು, ಸ್ಟ್ಯಾಂಡನ್ನು ಸರಿಸಬೇಕೆಂದು ಯಾರಿಗೂ ತೋಚಲಿಲ್ಲ.

ನಾನೇ ಹೋಗಿ ಡಾಕ್ಟರಿಗೆ ಹೇಳಿದೆ: "ಸಾರ್, ನಾಲ್ಕು ಗಂಟೆಯ ವರದಿ ತಪ್ಪು. ನಿಜವಾದ ಅಂಕಿ ಎಷ್ಟು ಅಂತ ನನಗೆ ಗೊತ್ತಿಲ್ಲ."

ಅವರು ಬೈಯಲಿಲ್ಲ. "ಹೊಸ ರಕ್ತ ತಗೋ. ಬೇಗ" ಎಂದರು.

ವರದಿ ಬರೆಯುವ ಪುಸ್ತಕದಿಂದ ಕಾರ್ಬನ್ ಕಾಗದ ಹರಿದು, ಟ್ಯೂಬಿಗೆ ಸುತ್ತಿಕೊಂಡು ಹೋದೆ. ಕಿಟಕಿಗೆ ಶ್ರೀಕಂಠಯ್ಯನವರು ತಮ್ಮ ಕೋಟನ್ನು ನೇತುಹಾಕಿದ್ದರು. ಆರೂವರೆಗೆ ಓದಿದಾಗ ಇಪ್ಪತ್ತೆರಡು.

ಅಂಕಿ ಬರುವ ಮೊದಲೇ ಡಾಕ್ಟರು ತಮ್ಮ ಕಾರನ್ನು ಹುಳಿಮಾವಿಗೆ ಕಳಿಸಿದ್ದರು. ಮುನಿರಾಜು ಕಾರಿನಿಂದ ಇಳಿದಾಗ ಮೊಣಕೈವರೆಗೂ ಹಾಲಿನ ವಾಸನೆ.

"ಏನ್ ಸಾಮಿ ಇದು, ಇಳ್ದೈತೆ ಅಂತೀರಿ, ಏರೈತೆ ಅಂತೀರಿ. ಯಾವ್ದು ನಂಬೋದು?"

ಅವನ ತಾಯಿ ಕೂತಲ್ಲಿಂದಲೇ ಹೇಳಿದರು: "ಮಗೂ ಕಾಲ್ ನೋಡು, ಅದನ್ನ ನಂಬು. ಒಳೀಕ್ ಹೋಗು."

ರಕ್ತದ ಹೊಂದಿಕೆ ನೋಡಿ ಕೊಟ್ಟೆ. ಏಳೂವರೆಗೆ ರಕ್ತ ಬದಲಾಯಿಸುವ ಕೆಲಸ ಶುರುವಾಯಿತು. ವಾರ್ಡಿನೊಳಗೆ ನಡೆದದ್ದನ್ನು ನಾನು ನೋಡಿಲ್ಲ. ಮಗು ಒಂದು ಸಲ ಉಸಿರು ನಿಲ್ಲಿಸಿತು, ಮತ್ತೆ ತೆಗೆದುಕೊಂಡಿತು ಎಂದು ನರ್ಸ್ ಹೇಳಿದ್ದು.

ಮರುದಿನ ಬೆಳಿಗ್ಗೆ ಒಂಬತ್ತು ಮಿಲಿಗ್ರಾಂ. ಮುನಿಯಮ್ಮನಿಗೆ ಹೇಳಿದೆ. ಅವರು ಗಂಭೀರವಾಗಿಯೇ ಕೇಳಿದರು: "ಮಗೂಲಿ ಇಳ್ದೈತೋ, ಇಲ್ಲಾ ಕಿಟಕೀಲಿ ಇಳ್ದೈತೋ?" ಮಗುವಿನಲ್ಲೇ ಇಳಿದಿತ್ತು. ಮಧ್ಯಾಹ್ನ ಅದು ಮೊಲೆ ಹಿಡಿಯಿತು.

ಶ್ರೀಕಂಠಯ್ಯನವರು ರಿಜಿಸ್ಟರಿನಲ್ಲಿ ಹದಿಮೂರನ್ನು ಅಳಿಸಲು ಬಿಡಲಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆಸಿ, ಪಕ್ಕದಲ್ಲಿ "ಸೀರಮ್ ಬಿಸಿಲಿನಲ್ಲಿತ್ತು" ಎಂದು ನನ್ನ ಕೈಯಲ್ಲೇ ಬರೆಸಿ, ಕೆಳಗೆ ತಾವೂ ಸಹಿ ಹಾಕಿದರು. "ಸ್ಟ್ಯಾಂಡ್ ಅಲ್ಲಿಟ್ಟವನು ನಾನು" ಎಂದರು. ಹೊಸದಾಗಿ ಸೇರುವವರಿಗೆ ಹೇಳಬೇಕಾದ್ದು ಇಲ್ಲಿದೆ. ಯಂತ್ರ ಅಳೆಯುವುದು ನೀವು ಅದರೊಳಗೆ ಇಟ್ಟದ್ದನ್ನು. ರೋಗಿಯಿಂದ ಯಂತ್ರದವರೆಗಿನ ದಾರಿಯಲ್ಲಿ ಏನಾಯಿತು ಎಂಬುದು ನಿಮ್ಮ ಜವಾಬ್ದಾರಿ. ಅಂಕಿಗೂ ರೋಗಿಗೂ ತಾಳೆಯಾಗದಿದ್ದರೆ ಎದ್ದು ಹೋಗಿ ರೋಗಿಯನ್ನು ನೋಡಿ.

ಇಷ್ಟಾದರೂ ನನ್ನ ಗೊಂದಲ ಪೂರ್ತಿ ಹೋಗಿಲ್ಲ. ಎಷ್ಟೋ ವರ್ಷಗಳ ನಂತರ ಹಳದಿಯಾದ ಶಿಶುಗಳನ್ನು ನೀಲಿ ದೀಪದ ಕೆಳಗೆ ಮಲಗಿಸಿ ಗುಣಪಡಿಸುವುದು ನಮ್ಮಲ್ಲೂ ಬಂತು. ಮೊದಲ ಸಲ ನೋಡಿದಾಗ ನನಗೆ ಆ ಕಿಟಕಿ ನೆನಪಾಯಿತು. ಹಳದಿ ನೀಲಿಯನ್ನು ನುಂಗುತ್ತದೆ, ನುಂಗಿ ತಾನೇ ಒಡೆಯುತ್ತದೆ. ಮೊದಲನೆಯ ದಿನ ಮುನಿಯಮ್ಮ ಮಗುವನ್ನು ಎಳೆಬಿಸಿಲಿಗೆ ಹಿಡಿಯುತ್ತೇನೆ ಎಂದಿದ್ದರು. ಥಂಡಿ ಹಿಡಿದೀತು ಎಂದು ನಾವು ತಡೆದಿದ್ದೆವು. ಮಗುವನ್ನು ನೆರಳಿನಲ್ಲಿಟ್ಟು, ಅದರ ರಕ್ತವನ್ನು ಬಿಸಿಲಿಗಿಟ್ಟವರು ನಾವು. ಅಂಥ ರಕ್ತದ ತೊಂದರೆಗೆ ಬಿಸಿಲೊಂದೇ ಸಾಲುತ್ತಿರಲಿಲ್ಲ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನನಗೆ ಗೊತ್ತಿಲ್ಲ.

ಆಗ ನನ್ನನ್ನು ಕಾಡಿದ್ದು ಬೇರೆ. ನಾಲ್ಕರಿಂದ ಏಳೂವರೆ, ಮೂರೂವರೆ ಗಂಟೆ ನನ್ನಿಂದ ತಡವಾಗಿತ್ತು. ಆ ಹೊತ್ತಿನಲ್ಲಿ ಹಳದಿ ಮಿದುಳಿಗೆ ಇಳಿದಿದ್ದರೆ ಮೊದಲು ಹೋಗುವುದು ಕಿವಿ. ಅದು ಗೊತ್ತಾಗಲು ತಿಂಗಳುಗಳೇ ಬೇಕು ಎಂದು ಡಾಕ್ಟರು ಹೇಳಿದ್ದರು.

ಐದನೆಯ ತಿಂಗಳಲ್ಲಿ ಮಗುವನ್ನು ಕರೆತಂದರು. ಡಾಕ್ಟರು ನನ್ನನ್ನೂ ಕರೆಸಿದರು. ಮಗು ಅಜ್ಜಿಯ ತೊಡೆಯ ಮೇಲೆ ಕೂತು ಅವರ ಮೂಗುತಿಯನ್ನೇ ನೋಡುತ್ತಿತ್ತು. ಡಾಕ್ಟರು ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಮಗು ತಿರುಗಿತು. ಅದೇ ಕ್ಷಣಕ್ಕೆ ಎದುರಿದ್ದ ಜಯಮ್ಮ ಕೈಯೆತ್ತಿ ಆ ಕಡೆ ತೋರಿಸಿದ್ದಳು. ಮಗು ಕೇಳಿ ತಿರುಗಿತೋ, ತಾಯಿಯ ಕೈ ನೋಡಿ ತಿರುಗಿತೋ?

"ಜಯಮ್ಮ, ನೀನು ಹೊರಗೆ ಹೋಗಮ್ಮಾ" ಎಂದೆ. ಅವಳು ಹೋದಳು. ಡಾಕ್ಟರು ಈ ಸಲ ಎಡಗಡೆ, ಮಗುವಿನ ಕಣ್ಣಿಗೆ ಬೀಳದ ಹಾಗೆ, ಸ್ಟೀಲ್ ಟ್ರೇಗೆ ಚಮಚ ಬೀಳಿಸಿದರು. ಮಗು ಎಡಕ್ಕೆ ತಿರುಗಿತು. ಬಲಗಡೆ ಬೀಳಿಸಿದರು. ಬಲಕ್ಕೆ ತಿರುಗಿತು.

"ಇನ್ನೊಂದ್ ಸಲ ಸಾರ್" ಎಂದೆ.

ಮತ್ತೆ ಬೀಳಿಸಿದರು. ಮಗು ಬೆಚ್ಚಿ, ತುಟಿ ಸೊಟ್ಟಗೆ ಮಾಡಿ, ಜೋರಾಗಿ ಅಳತೊಡಗಿತು. ಮುನಿಯಮ್ಮ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು.

"ಸಾಕು ಬಿಡವ್ವಾ. ಮಗೀಗೆ ಕೇಳಿಸ್ತು. ಇನ್ನ ನೀನು ನಂಬಬೇಕು ಅಷ್ಟೇ."

ಅಳು ಕೇಳಿ ಜಯಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಅವಳು ಇನ್ನೂ ಹೊಸ್ತಿಲಲ್ಲಿದ್ದಾಗಲೇ, ಅಜ್ಜಿಯ ಹೆಗಲ ಮೇಲಿದ್ದ ಮಗು ಅಳು ನಿಲ್ಲಿಸಿ, ಬಳೆಯ ಸದ್ದು ಬಂದ ಕಡೆಗೆ ತಲೆ ಹೊರಳಿಸಿತು.